ಕೋರ್ಟ್ ಹರಾಜಲ್ಲಿ ಹೋದ ತೋಟ ಬಿಡಿಸ್ಕೊಂಡವರು ಯಾರಾದ್ರೂ ಇದ್ದೀರಾ?

ಸೋಮವಾರಪೇಟೆ ತಾಲೂಕಿಂದ ಕೇಳ್ತಿದೀನಿ. ಅಪ್ಪ ಪಕ್ಕದ ತೋಟದವರ ಕೈಸಾಲಕ್ಕೆ ಜಾಮೀನು ಹಾಕಿದ್ರು, ಅವರು ಕಟ್ಟಲಿಲ್ಲ, ಕೇಸ್ ಬಿತ್ತು, ಅಪ್ಪ ಒಂದು ಡೇಟಿಗೂ ಹೋಗ್ದೆ ಮನೇಲೂ ಹೇಳ್ದೆ ಸುಮ್ನಿದ್ರು, ಡಿಕ್ರಿ ಆಯ್ತು, ಅಂದ್ರೆ ದುಡ್ಡು ಕಟ್ಟಿ ಅಂತ ಕೋರ್ಟ್ ತೀರ್ಪು ಬಂತು. ನಮಗೆ ಗೊತ್ತಾಗಿದ್ದೇ ಕೋರ್ಟಿನ ಅಮೀನ ಬಂದು ಗೇಟಿನ ಕಂಬಕ್ಕೆ ಕಾಗದ ಅಂಟಿಸಿ ಹೋದಾಗ. ಅದೂ ಮಳೆಗೆ ನೆಂದು ಅರ್ಧ ಕಿತ್ತು ಬಂದಿತ್ತು, ಸರ್ವೆ ನಂಬರ್ ನೋಡಿ ನಮ್ಮದೇ ಅಂತ ಗೊತ್ತಾಯ್ತು. ಜುಲೈ 8ಕ್ಕೆ ಎರಡು ಎಕರೆ ರೋಬಸ್ಟಾ ಕಾಫಿ ತೋಟ 18 ಲಕ್ಷಕ್ಕೆ ಹರಾಜಾಗಿದೆ. ಹರಾಜು ನೋಟೀಸಲ್ಲಿದ್ದ ಬಾಕಿ 6 ಲಕ್ಷ 40 ಸಾವಿರ. ಈಗ ಮೂರು ವಾರ ಆಯ್ತು. ಊರಲ್ಲಿ ಒಬ್ರು ಹರಾಜಾದ್ರೆ ಮುಗೀತು ಅಂತಾರೆ, ಇನ್ನೊಬ್ರು ವರ್ಷದೊಳಗೆ ಯಾವಾಗ ಬೇಕಾದ್ರೂ ಬಿಡಿಸ್ಕೋಬಹುದು ಅಂತಾರೆ. ಯಾವ್ದು ನಿಜ?

— ವಿರಾಜಪೇಟೆ ಕಡೆಯಿಂದ:

ಎರಡೂ ಸುಳ್ಳು. ವರ್ಷ ಅಂದವರ ಮಾತು ಕೇಳಿ ಕೂತ್ರೆ ತೋಟ ಹೋಯ್ತು ಅಂತಾನೇ ಲೆಕ್ಕ. ಹರಾಜಾದ ದಿನದಿಂದ 60 ದಿನ ನಿಮ್ಮ ಕೈಲಿದೆ, ಸಿವಿಲ್ ಪ್ರೊಸೀಜರ್ ಕೋಡ್ ಆರ್ಡರ್ 21 ರೂಲ್ 89. ದುಡ್ಡು ಕಟ್ಟೋಕೆ ಮೊದ್ಲು 30 ದಿನ ಇತ್ತು, 2002ರ ತಿದ್ದುಪಡೀಲಿ 60 ಮಾಡಿದ್ರು. ಕಟ್ಟಬೇಕಾದ್ದು ಎರಡು ಗಂಟು: ಹರಾಜು ಪ್ರಕಟಣೆಲಿ ಬರೆದಿರೋ ಡಿಕ್ರಿ ಬಾಕಿ, ಮತ್ತೆ ಹರಾಜು ಹಿಡಿದವನಿಗೆ ಅವನ ಬೆಲೆಯ ಶೇಕಡ 5. ಗಮನ ಇಟ್ಟು ಓದಿ, ಐದು ಪರ್ಸೆಂಟ್ ಸಾಲದ ಮೇಲಲ್ಲ, 18 ಲಕ್ಷದ ಮೇಲೆ. ಅಂದ್ರೆ 90 ಸಾವಿರ. ಒಟ್ಟು 7 ಲಕ್ಷ 30 ಸಾವಿರ. ನಾವು ಸಾಲದ ಮೇಲೆ ಐದು ಪರ್ಸೆಂಟ್ ಹಾಕಿ ದುಡ್ಡು ತಗೊಂಡು ಹೋಗಿದ್ವಿ, ಗುಮಾಸ್ತ ಕನ್ನಡಕ ಮೇಲೆತ್ತಿ ನೋಡಿ ವಾಪಸ್ ಕಳ್ಸಿದ. ಆಗ ಇನ್ನೂ ಹನ್ನೊಂದು ದಿನ ಬಾಕಿ ಇತ್ತು, ಅಕ್ಕನ ಕೊಕ್ಕೆತಾತಿ ಸರ ಅಡವಿಟ್ಟು ಕಟ್ಟಿದ್ವಿ. ಅಕ್ಕ ಇವತ್ತಿಗೂ ಒಂದು ಮಾತು ಆಡಿಲ್ಲ ಅನ್ನೋದೇ ನನಗೆ ಬೇಜಾರು.

— ಕೋರ್ಟಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಮಡಿಕೇರಿ:

ಮೇಲಿನವರು ಹೇಳಿದ್ದು ಸರಿ, ಸ್ವಲ್ಪ ಸೇರಿಸ್ತೀನಿ. ಅರ್ಜಿ ಮಾತ್ರ ಹಾಕಿದ್ರೆ ಸಾಲ್ದು, ದುಡ್ಡೂ 60 ದಿನದೊಳಗೆ ಕೋರ್ಟಿಗೆ ಬಿದ್ದಿರಬೇಕು. ತಡವಾಯ್ತು, ಕ್ಷಮಿಸಿ ಅನ್ನೋ ಅರ್ಜಿ ಇಲ್ಲಿ ನಡೆಯಲ್ಲ, ಲಿಮಿಟೇಶನ್ ಕಾಯ್ದೆ ಸೆಕ್ಷನ್ 5ರ ರಿಯಾಯ್ತಿಯಿಂದ ಆರ್ಡರ್ 21ರ ಅರ್ಜಿಗಳನ್ನ ಹೊರಗಿಟ್ಟಿದ್ದಾರೆ. ಜುಲೈ 8ನ್ನ ಬಿಟ್ಟು ಎಣಿಸಿದ್ರೆ ಸೆಪ್ಟೆಂಬರ್ 6ಕ್ಕೆ 60 ತುಂಬತ್ತೆ. ಕೈಲ್‌ಪೋದ್ ಹಬ್ಬ ಮುಗಿಸ್ಕೊಂಡು ಹೋಗೋಣ ಅಂತ ಕೂರ್ಬೇಡಿ, ಆಗಸ್ಟ್ ಮಧ್ಯದಲ್ಲೇ ಚಲನ್ ಬರೆಸಿ. ಕೂಡಿಸೋದ್ರಲ್ಲಿ ತಪ್ಪಾಗಿ ನೂರಿನ್ನೂರು ಕಮ್ಮಿ ಬಿದ್ರೆ ತುಂಬಿಸೋಕೆ ಕೋರ್ಟ್ ಟೈಮ್ ಕೊಡತ್ತೆ. ಅರ್ಧ ಈಗ ಅರ್ಧ ಕಾಫಿ ಆದ್ಮೇಲೆ ಅಂದ್ರೆ ಆಗಲ್ಲ. ಪ್ರಕಟಣೆ ಆದ್ಮೇಲೆ ಡಿಕ್ರಿದಾರರಿಗೆ, ಅಂದ್ರೆ ಕೇಸ್ ಗೆದ್ದ ಸಾಲಗಾರರಿಗೆ ಅಲ್ಲ, ಸಾಲ ಕೊಟ್ಟವರಿಗೆ ಏನಾದ್ರೂ ಕೊಟ್ಟಿದ್ರೆ ಅದನ್ನ ಕಳೀಬಹುದು, ರಸೀದಿ ಇರಬೇಕು ಅಷ್ಟೆ. ಮತ್ತೆ ಪ್ರಕಟಣೆಲಿ ಸೇರದೇ ಇರೋ ಬಡ್ಡಿ, ಖರ್ಚು ನಿಮ್ಮ ತಲೆ ಮೇಲೇ ಇರತ್ತೆ, ಆದ್ರೆ ಹರಾಜು ರದ್ದಾಗೋಕೆ ಅದು ಅಡ್ಡಿ ಬರಲ್ಲ.

— ಸಿದ್ದಾಪುರ ಹತ್ರದಿಂದ:

ನಮ್ಮದು ಹೋಯ್ತು, ಹೇಗೆ ಹೋಯ್ತು ಹೇಳ್ತೀನಿ. ಚೀಪ್ ರೇಟಿಗೆ ಹೋಗಿದೆ, ಡಂಗೂರ ಹೊಡಿಸಿಲ್ಲ, ನೋಟೀಸ್ ಸರಿಯಾಗಿ ಅಂಟಿಸಿಲ್ಲ ಅಂತ ವಕೀಲರು ರೂಲ್ 90ರಲ್ಲಿ ಹಾಕಿಸಿದ್ರು. ಅದ್ರಲ್ಲಿ ದುಡ್ಡು ಕಟ್ಟೋದಿಲ್ಲ, ಹಾಗಾಗಿ ನಮಗೆಲ್ಲ ಖುಷಿ. ಆದ್ರೆ ಬೆಲೆ ಕಮ್ಮಿ ಅನ್ನೋದೊಂದೇ ಸಾಕಾಗಲ್ಲ, ದೊಡ್ಡ ಲೋಪವೋ ಮೋಸವೋ ಆಗಿದೆ, ಅದ್ರಿಂದಾನೇ ನಮಗೆ ನಷ್ಟ ಆಯ್ತು ಅಂತ ಸಾಕ್ಷಿ ಸಮೇತ ತೋರಿಸ್ಬೇಕು. ಪ್ರಕಟಣೆ ಸಿದ್ಧ ಆಗೋ ಮುಂಚೆನೇ ಎತ್ತಬಹುದಾಗಿದ್ದ ತಕರಾರನ್ನ ಆಮೇಲೆ ಎತ್ತೋ ಹಾಗೂ ಇಲ್ಲ. ಇಡೀ ತೋಟ ಯಾಕೆ ಮಾರಿದ್ರಿ, ಸಾಲಕ್ಕೆ ಸಾಕಾಗೋ ಅಷ್ಟು ಮಾರಿದ್ರೆ ಆಗ್ತಿತ್ತಲ್ಲ ಅನ್ನೋ ನಮ್ಮ ಮಾತು ನ್ಯಾಯದ್ದೇ, ರೂಲ್ 64 ಹಾಗೇ ಹೇಳತ್ತೆ, ಆದ್ರೆ ಅದನ್ನ ಮುಂಚೆ ಹೇಳ್ಬೇಕಿತ್ತು ಅಂದ್ರು. 90 ನಡೀತಾ ಇರೋವಾಗ 89 ಹಾಕೋಕೂ ಆಗಲ್ಲ, ಅದನ್ನ ವಾಪಸ್ ತಗೊಂಡ್ರೆ ಮಾತ್ರ. ನಮಗೆ ಅದು ತಿಳಿಯೋ ಹೊತ್ತಿಗೆ ಅರವತ್ತು ದಿನ ದಾಟಿತ್ತು. ಆಮೇಲೆ ಹರಾಜು ಖಾಯಂ ಆಯ್ತು, ಸೇಲ್ ಸರ್ಟಿಫಿಕೇಟ್ ಬಂತು, ಹರಾಜಾದ ದಿನದಿಂದಲೇ ಅವರದ್ದು ಅಂತ. ಆ ವರ್ಷದ ಕಾಫಿ ನಾವು ಕೊಯ್ಲಿಲ್ಲ. ಜಗಳ ಆಡೋ ಆಸೆ ಇದ್ರೂ ದುಡ್ಡು ಹೊಂದುತ್ತೆ ಅಂದ್ರೆ ಕಟ್ಟಿಬಿಡಿ ಮಾರಾಯ್ರೇ.

— ನಾಪೋಕ್ಲು ಕಡೆಯವರು:

ನಮ್ಮದು ಜಮ್ಮಾ ಜಾಗ, ಅಂದ್ರೆ ಕೊಡಗಲ್ಲಿ ವಂಶಪಾರಂಪರ್ಯವಾಗಿ ಇಡೀ ಕುಟುಂಬಕ್ಕೆ ಬಂದ ಜಮೀನು. ಪಹಣಿಲಿ ಮನೆತನದ ಹಿರಿಯ ಪಟ್ಟೆದಾರರ ಹೆಸರು ಮೇಲೆ, ಕೆಳಗೆ ಒಕ್ಕದವರದ್ದು, ಅಂದ್ರೆ ಮನೆತನದವರದ್ದು, ಉದ್ದ ಸಾಲು. ಚಿಕ್ಕಪ್ಪನ ಪಾಲು ಹರಾಜಿಗೆ ಬಂದಾಗ ಅವರ ಹತ್ರ ಹತ್ತು ಪೈಸೆ ಇರ್ಲಿಲ್ಲ, ಕೊನೆಗೆ ದೊಡ್ಡಪ್ಪನ ಮಗ ಕಟ್ಟಿದ. ಆ ಆಸ್ತಿಲಿ ಹಕ್ಕು ಇದೆ ಅನ್ನೋ ಯಾರು ಬೇಕಾದ್ರೂ 89ರಲ್ಲಿ ಹಾಕಬಹುದು, ಡಿಕ್ರಿ ಯಾರ ಮೇಲಿದೆಯೋ ಅವರೇ ಬರ್ಬೇಕು ಅಂತೇನಿಲ್ಲ. ಒಳಗಿನ ಲೆಕ್ಕ ಇನ್ನೂ ಬಗೆಹರಿದಿಲ್ಲ, ಹುತ್ತರಿ ಹಬ್ಬಕ್ಕೆ ಮನೆತನದ ಮೂಲ ಮನೆ ಐನ್‌ಮನೇಲಿ ಸೇರಿದಾಗೆಲ್ಲ ಆ ಮಾತು ಬಂದೇ ಬರತ್ತೆ, ಆದ್ರೆ ಜಾಗ ಹೊರಗಿನವರಿಗೆ ಹೋಗ್ಲಿಲ್ಲ. ನಿಮ್ಮಪ್ಪ ಮುಂದೆ ಬರ್ತಿಲ್ಲ ಅಂದ್ರೆ ನಿಮಗೇ ಪಾಲಿದೆಯಾ ನೋಡಿ.

— ಕುಶಾಲನಗರ:

ಬ್ಯಾಂಕ್ ಅಡಮಾನದ ಡಿಕ್ರಿ ಆಗಿದ್ರೆ ದಾರಿ ಬೇರೆ, ಅಲ್ಲಿ ಹರಾಜು ಖಾಯಂ ಆಗೋವರೆಗೂ ಕಟ್ಟಬಹುದು, ಐದು ಪರ್ಸೆಂಟ್ ಅಲ್ಲೂ ಇದೆ, ಆರ್ಡರ್ 34. ಕೋರ್ಟಿಗೆ ಹೋಗ್ದೆ ಬ್ಯಾಂಕೇ ನೇರವಾಗಿ ಸರ್ಫೇಸಿ ಕಾಯ್ದೆಲಿ ಮಾರಿದ್ರೆ ಈ 60 ದಿನದ ಕಥೆ ಇಲ್ಲ, ಹರಾಜು ನೋಟೀಸ್ ಪ್ರಕಟ ಆಗೋ ಮುಂಚೆನೇ ಕಟ್ಟಬೇಕು. ಯಾವ್ದು ಅಂತ ಕಾಗದ ನೋಡ್ಕೊಳ್ಳಿ.

— ಕೇಳಿದವನೇ:

ನಮ್ಮದು ಬರೀ ಪ್ರೋನೋಟಿನ ಡಿಕ್ರಿ, ಬ್ಯಾಂಕ್ ಇಲ್ಲ. ಎರಡು ವರ್ಷದ ಕಾಳುಮೆಣಸು ಅಟ್ಟದ ಮೇಲಿತ್ತು, ಒಳ್ಳೆ ರೇಟ್ ಬರ್ಲಿ ಅಂತ ಅಮ್ಮ ಮುಟ್ಟೋಕೆ ಬಿಡ್ತಿರ್ಲಿಲ್ಲ, ನಿನ್ನೆ ತಾನೇ ಇಳಿಸಿ ಅಂದ್ರು. ಮೂಟೆ ಬಿಚ್ಚಿದ್ರೆ ಒಂದು ಮೂಟೆಗೆ ಸೀತ ಹೊಡ್ದು ಬೂಷ್ಟು. ಉಳಿದದ್ದು ಮಾರಿ, ಚಿನ್ನ ಇಟ್ಟು, ವ್ಯಾಪಾರಿ ಹತ್ರ ಮುಂದಿನ ಕಾಫಿ ಮೇಲೆ ಮುಂಗಡ ತಗೊಂಡ್ರೆ 7 ಲಕ್ಷ ಆಗತ್ತೆ. 30 ಸಾವಿರ ಸಾಲ್ದು, ಜಾಮೀನು ಹಾಕಿಸ್ಕೊಂಡ ಪಕ್ಕದ ತೋಟದವರನ್ನೇ ಕೇಳೋಕೆ ಸಂಜೆ ಹೋಗ್ತಿದೀನಿ. ಅಪ್ಪ ನಾನೂ ಬರ್ತೀನಿ ಅಂತ ಶರ್ಟ್ ಹಾಕ್ಕೊಂಡು ಕೂತಿದ್ದಾರೆ.