ಪಿಂಗಾಣಿ ಬೊಂಬೆ: ಕಾಲ ಹತ್ತಿರ ತಲೆ ಮುರಿದ ಹಕ್ಕಿ, ಇವಳು ಯಾರು?

ಹಳೇಕಪಾಟು
ನಮಸ್ಕಾರ. ಅತ್ತೆಯ ಕಪಾಟಿನಿಂದ ಒಂದು ಯುರೋಪಿಯನ್ ಪಿಂಗಾಣಿ ಬೊಂಬೆ ನನ್ನ ಕೈಗೆ ಬಂದಿದೆ. ಒಂದು ಗೇಣು ಎತ್ತರ ಇರಬಹುದು. ನಿಂತಿರುವ ಹೆಂಗಸು, ತಲೆ ಮೇಲೆ ಪುಟ್ಟ ಕಿರೀಟ, ಬಲಗೈ ಮುಷ್ಟಿ ಹಿಡಿದಿದೆ ಆದರೆ ಅದರೊಳಗೆ ಏನೂ ಇಲ್ಲ. ಕಾಲ ಹತ್ತಿರ ಒಂದು ಹಕ್ಕಿ, ಅದರ ಕುತ್ತಿಗೆಯಿಂದ ಮೇಲೆ ಮುರಿದು ಹೋಗಿದೆ. ಅಡಿಯಲ್ಲಿ ನೀಲಿ ಬಣ್ಣದ ಎರಡು ಕತ್ತಿ, ಅಡ್ಡಡ್ಡ. ಹಕ್ಕಿ ಅಂದ್ರೆ ಪಾರಿವಾಳ, ಪಾರಿವಾಳ ಅಂದ್ರೆ ರೋಮನ್ನರ ಪ್ರೇಮದೇವತೆ ವೀನಸ್, ಕತ್ತಿ ಅಂದ್ರೆ ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆ. ಸರಿಯಾಗಿ ಹೇಳಿದೆನಾ?

ಗೂಬೆಕಣ್ಣು
ಸ್ವಲ್ಪ ತಾಳಿ! ಈ ಬೊಂಬೆಗಳ ಮುಖ ನೋಡಿ ಯಾರು ಅಂತ ಹೇಳೋಕಾಗಲ್ಲ, ಎಲ್ಲರಿಗೂ ಅದೇ ಗುಲಾಬಿ ಕೆನ್ನೆ, ಅದೇ ಪುಟ್ಟ ಬಾಯಿ. ಕೈಯಲ್ಲಿ ಏನಿದೆ, ಕಾಲ ಬಳಿ ಯಾವ ಪ್ರಾಣಿ ಇದೆ, ಅದನ್ನೇ ನೋಡಬೇಕು. ತೊಂದರೆ ಏನಂದ್ರೆ ಮೊದಲು ಮುರಿಯೋದೂ ಅವೇ. ರೋಮನ್ ದೇವತೆಗಳಲ್ಲಿ ಗೂಬೆ ಮತ್ತು ಶಿರಸ್ತ್ರಾಣ ಇದ್ದರೆ ಮಿನರ್ವಾ, ಹಣೆ ಮೇಲೆ ಚಂದ್ರ, ಜೊತೆಗೆ ಬೇಟೆನಾಯಿ ಇದ್ದರೆ ಡಯಾನಾ, ಗೋಧಿ ತೆನೆ ಇದ್ದರೆ ಸೆರೆಸ್.

ನಿಮ್ಮ ಹಕ್ಕಿಯ ಬಾಲ ನೋಡಿ. ಪಾರಿವಾಳ ಚಿಕ್ಕದು, ಬಾಲ ಗಿಡ್ಡ. ಬಾಲ ನೆಲದವರೆಗೂ ಇಳಿದು ಅದರಲ್ಲಿ ಕಣ್ಣಿನಂಥ ಚುಕ್ಕೆ ಇದ್ದರೆ ಅದು ನವಿಲು, ಅವಳು ಜೂನೋ. ನೂರು ಕಣ್ಣಿನ ಆರ್ಗಸ್ ಸತ್ತ ಮೇಲೆ ಅವನ ಕಣ್ಣುಗಳನ್ನೆಲ್ಲ ಜೂನೋ ತನ್ನ ನವಿಲಿನ ಬಾಲಕ್ಕೆ ಅಂಟಿಸಿದಳು ಅನ್ನೋದು ರೋಮನ್ ಕಥೆ. ಕಿರೀಟವೂ ಅವಳಿಗೇ ಹೊಂದುತ್ತೆ, ದೇವತೆಗಳ ರಾಣಿ ಅಲ್ವಾ. ಆದರೆ ಕಿರೀಟ ಕೋಟೆಯ ಗೋಪುರಗಳ ಹಾಗಿದ್ದರೆ ಮಾತೃದೇವತೆ ಸಿಬೆಲೆ, ಆಗ ಹತ್ತಿರದಲ್ಲಿ ಸಿಂಹ ಇರಬೇಕಿತ್ತು. ಮುಷ್ಟಿಯಲ್ಲಿ ತೂತು ಇದೆಯಾ?

ಕುಲುಮೆ
ಹಂಸ ಆಗಿದ್ದರೆ ಲೀಡಾ ಅಲ್ವಾ, ಹಂಸದ ರೂಪದಲ್ಲಿ ದೇವರು ಬಂದು ಸೇರಿದ ಗ್ರೀಕ್ ಕಥೆಯ ರಾಣಿ?

ಗೂಬೆಕಣ್ಣು
ಲೀಡಾಗೆ ಹಂಸ ಮೈಗೆ ಅಂಟಿಕೊಂಡೇ ಇರುತ್ತೆ ಸಾಮಾನ್ಯವಾಗಿ, ಹೀಗೆ ಸುಮ್ನೆ ಕಾಲ ಹತ್ತಿರ ನಿಂತಿರಲ್ಲ.

ಮಣ್ಣುಮಸಿ
ಹೆಸರಿನ ಬಗ್ಗೆ ಗೂಬೆಕಣ್ಣು ಹೇಳಿದ್ದೇ ಸರಿ. ನಾನು ಕತ್ತಿಯ ಬಗ್ಗೆ ಹೇಳ್ತೀನಿ. ಮೈಸೆನ್ ಕಾರ್ಖಾನೆ ಶುರುವಾಗಿದ್ದು 1710ರಲ್ಲಿ, ಶಿಲ್ಪಿ ಕ್ಯಾಂಡ್ಲರ್ 1731ರಲ್ಲಿ ಸೇರಿದ ಮೇಲೆ ಈ ಬಗೆಯ ಬೊಂಬೆಗಳು ಜೋರಾದವು. ಅಷ್ಟು ಹೆಸರು ಬಂದ ಮೇಲೆ ಆ ಕತ್ತಿ ಗುರುತನ್ನು ಕದಿಯದವರೇ ಕಡಿಮೆ. ಪ್ಯಾರಿಸ್‌ನಲ್ಲಿ 1845ರಲ್ಲಿ ಶುರುವಾದ ಸ್ಯಾಮ್ಸನ್ ಕಂಪನಿ ಹಳೇ ಪಿಂಗಾಣಿಯ ನಕಲು ಮಾಡೋದನ್ನೇ ಕಸುಬು ಮಾಡಿಕೊಂಡಿತ್ತು. ಮೇಲಾಗಿ ಮೈಸೆನ್‌ನವರೇ ಹಳೇ ಅಚ್ಚುಗಳಿಂದ ಮುಂದಿನ ಶತಮಾನದಲ್ಲೂ ಬೊಂಬೆ ಮಾಡಿದ್ದಾರೆ. ಹಾಗಾಗಿ ಕತ್ತಿ ನೋಡಿ ಕಾಲ ಹೇಳೋಕೆ ಹೋಗಬೇಡಿ.

ಇನ್ನೊಂದು ಮಾತು. ಇವಳು ಒಬ್ಬಳೇ ಇರಲಿಕ್ಕಿಲ್ಲ, ನಾಲ್ಕು ಭೂತಗಳ ಸೆಟ್ ಇರುತ್ತಿತ್ತು, ಅದರಲ್ಲಿ ಗಾಳಿ ಅಂದ್ರೆ ಜೂನೋ, ನೀರು ಅಂದ್ರೆ ನೆಪ್ಚೂನ್, ಬೆಂಕಿ ವಲ್ಕನ್, ಮಣ್ಣು ಸೆರೆಸ್ ಅಥವಾ ಸಿಬೆಲೆ. ಪೀಠದಲ್ಲಿ ಮೋಡದ ಸುರುಳಿ ಏನಾದ್ರೂ ಇದೆಯಾ ನೋಡಿ.

ಹಳೇಕಪಾಟು
ಮೆತ್ತಗಿನ ಬ್ರಷ್ ತಗೊಂಡು ಕೂತೆ. ಬಾಲದ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ತೆಗೆದ ಮೇಲೆ ಹಸಿರು ಉಂಗುರ, ಅದರೊಳಗೆ ನೀಲಿ ಚುಕ್ಕೆ. ಒಂದಲ್ಲ, ಏಳು! ಪೀಠದ ಹಿಂದೆ ನಾನು ಎಲೆ ಅಂದುಕೊಂಡಿದ್ದು ಮೋಡವೇ. ಮುಷ್ಟಿಯಲ್ಲಿ ಬೆಂಕಿಕಡ್ಡಿ ತೂರುವಷ್ಟು ತೂತು ಇದೆ. ಕುತ್ತಿಗೆ ಮುರಿದ ಜಾಗದಲ್ಲಿ ಕಂದು ಬಣ್ಣದ ಹಳೇ ಅಂಟು ಕೂಡ ಸಿಕ್ಕಿತು.

ಗೂಬೆಕಣ್ಣು
ಹಾಗಾದ್ರೆ ಜೂನೋನೇ. ತೂತಿನಲ್ಲಿ ರಾಜದಂಡ ಇದ್ದಿರಬೇಕು. ಅಂಟು ಇದೆ ಅಂದ್ರೆ ಯಾರೋ ಒಮ್ಮೆ ತಲೆ ಅಂಟಿಸಿದ್ದಾರೆ, ಅದು ಮತ್ತೆ ಬಿದ್ದಿದೆ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿ ನೋಡಿ, ರಿಪೇರಿಯ ಅಂಟು, ಬಣ್ಣ ಎಲ್ಲ ಬೇರೆ ಥರ ಹೊಳೆಯುತ್ತೆ. ಕೈ ಬೆರಳುಗಳನ್ನೂ ಬಿಡಬೇಡಿ. ನೀರಲ್ಲಿ ಮಾತ್ರ ನೆನೆಸಬೇಡಿ, ಹಳೇ ಅಂಟು ಬಿಟ್ಟುಕೊಂಡರೆ ಇನ್ನೆಲ್ಲಿ ಏನು ಉದುರುತ್ತೋ.

ಹಳೇಕಪಾಟು
ಅಯ್ಯೋ, ಇವತ್ತು ಬೆಳಗ್ಗೆ ಬಕೆಟ್ ತುಂಬಿಸಿ ಇಟ್ಟಿದ್ದೆ. ಚೆಲ್ಲಿ ಬರ್ತೀನಿ.