ಅಪ್‌ಡೇಟ್: ಆಯಿಲ್ ಲೈಟ್ ತಡವಾಗಿ ಆರುತ್ತಿದ್ದುದಕ್ಕೆ ಕಾರಣ ಫಿಲ್ಟರ್

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ (ಎಣ್ಣೆಯ ಪ್ರೆಶರ್ ಕಡಿಮೆ ಇದ್ದರೆ ಉರಿಯುವ ದೀಪ) 4-5 ಸೆಕೆಂಡ್ ಆರುವುದಿಲ್ಲ, ಇಂಜಿನ್ ಮೇಲ್ಭಾಗದಿಂದ ಟಕಟಕ ಸದ್ದು ಬರುತ್ತದೆ, ಏನು ಕಾರಣ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಇಂಜಿನ್‌ಗೆ ಎಣ್ಣೆ ತಳ್ಳುವ ಪಂಪ್ ಹೋಗಿದೆಯೇನೋ ಎಂದು ಹೆದರಿದ್ದೆ.

ಮೊದಲು ಎಣ್ಣೆಯ ಪ್ರೆಶರ್ ಅಳೆಯುವ ಮೆಕ್ಯಾನಿಕಲ್ ಗೇಜ್ ಹಾಕಿಸಿದೆ. ಲೈಟ್ ಆರಿದ ಮೇಲೆ ಪ್ರೆಶರ್ ಮ್ಯಾನುಯಲ್‌ನಲ್ಲಿ ಇದ್ದಷ್ಟೇ ತೋರಿಸಿತು, ಇಂಜಿನ್ ಬಿಸಿಯಾದ ಮೇಲೂ ಅಷ್ಟೇ. ಅಂದರೆ ಪಂಪ್ ಸರಿಯಾಗಿದೆ. ಆಗ ಎಷ್ಟು ನಿರಾಳವಾಯಿತು!

ಮರುದಿನ ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಫಿಲ್ಟರ್ ಬಿಚ್ಚಿದೆ. ನನ್ನ ಇಂಜಿನ್‌ನಲ್ಲಿ ಅದು ಬಾಯಿ ಕೆಳಗಾಗಿ ಕೂರುತ್ತದೆ. ಎಣ್ಣೆ ಚೆಲ್ಲುತ್ತದೆ ಎಂದು ಕವರ್ ಹಿಡಿದಿದ್ದೆ, ನಾಲ್ಕು ಹನಿ ಬಿದ್ದವು ಅಷ್ಟೇ, ಅಂದರೆ ಫಿಲ್ಟರ್ ಖಾಲಿಯಾಗಿತ್ತು. ಒಳಗಿನ ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್‌ನ ರಬ್ಬರ್ ಗಟ್ಟಿಯಾಗಿ ಸೆಟೆದುಕೊಂಡಿತ್ತು. ಗಾಡಿ ನಿಂತಾಗ ಎಣ್ಣೆ ವಾಪಸ್ ಇಳಿದುಹೋಗದಂತೆ ತಡೆಯುವುದೇ ಆ ವಾಲ್ವ್. ಅದು ಸೋತರೆ ಪಂಪ್ ಪ್ರತಿ ಬೆಳಗ್ಗೆ ಮೊದಲು ಖಾಲಿ ಫಿಲ್ಟರ್ ತುಂಬಿಸಬೇಕು, ಆಮೇಲೆ ಬೇರಿಂಗ್‌ಗಳಿಗೆ ಎಣ್ಣೆ.

ಸಿಲಿಕೋನ್ ವಾಲ್ವ್ ಇರುವ ಫಿಲ್ಟರ್ ಹಾಕಿದೆ. ಅದು ಬಿಸಿಗೂ ಚಳಿಗೂ ಮೆತ್ತಗೇ ಇರುತ್ತದೆ. ಥ್ರೆಡ್ ಕೂತರೆ ಸಾಲದು, ಬೈಪಾಸ್ ವಾಲ್ವ್ (ಫಿಲ್ಟರ್ ಕಟ್ಟಿಕೊಂಡರೆ ಎಣ್ಣೆಗೆ ಬೇರೆ ದಾರಿ ಬಿಡುವ ವಾಲ್ವ್) ಎಷ್ಟು ಪ್ರೆಶರ್‌ಗೆ ತೆರೆಯುತ್ತದೆ ಎಂಬ ರೇಟಿಂಗ್ ಕೂಡ ಇಂಜಿನ್‌ಗೆ ಹೊಂದಬೇಕು, ಅದನ್ನೂ ನೋಡಿಕೊಂಡೆ.

ಮೂರು ವಾರವಾಯಿತು. ಈಗ ಲೈಟ್ ಒಂದು ಸೆಕೆಂಡಿನಲ್ಲಿ ಆರುತ್ತದೆ, ಸದ್ದೂ ಇಲ್ಲ. ಫಿಲ್ಟರ್ ನೋಡಿ ಎಂದವರಿಗೆಲ್ಲ ತುಂಬಾ ಥ್ಯಾಂಕ್ಸ್.