ಸಹಾಯ ಬೇಕು: ಸೂರ್ಯನ ಕುದುರೆಗಳ ಈಗಿನ ವರ್ಗೀಕರಣದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘಕ್ಕಾಗಿ ಸೂರ್ಯನ ಕುದುರೆಗಳ, ಅಂದರೆ ಪ್ರೇಯಿಂಗ್ ಮ್ಯಾಂಟಿಸ್‌ಗಳ, ಸಚಿತ್ರ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದು, ಕುಟುಂಬಗಳನ್ನು ನಮೂದಿಸುವಲ್ಲಿ ಗೊಂದಲ ಎದುರಾಗಿದೆ. ಇವು ಮ್ಯಾಂಟೋಡಿಯಾ ಗಣಕ್ಕೆ ಸೇರಿದ್ದು, ಮಿಡತೆಗಳಿಗಿಂತ ಜಿರಳೆ ಮತ್ತು ಗೆದ್ದಲುಗಳಿಗೆ ಹತ್ತಿರದ ಸಂಬಂಧಿಗಳು ಎಂಬುದರಲ್ಲಿ ಸಂದೇಹವಿಲ್ಲ (ಮಕ್ಕಳು ಮಾತ್ರ ಇದನ್ನು ಇನ್ನೂ ನಂಬಿಲ್ಲ). ಆದರೆ ಹಳೆಯ ಪುಸ್ತಕಗಳು ಬಹುಪಾಲು ಪ್ರಭೇದಗಳನ್ನು ಮ್ಯಾಂಟಿಡೇ ಎಂಬ ಒಂದೇ ಕುಟುಂಬದೊಳಗೆ ತುಂಬಿದ್ದರೆ, 2019ರಲ್ಲಿ ಶ್ವಾರ್ಜ್ ಮತ್ತು ರಾಯ್ ಎಂಬ ಸಂಶೋಧಕರು ಮುಖ್ಯವಾಗಿ ಗಂಡು ಕೀಟದ ಜನನಾಂಗದ ರಚನೆಯನ್ನು ಆಧರಿಸಿ ಪ್ರಕಟಿಸಿದ ಪರಿಷ್ಕರಣೆಯಲ್ಲಿ ಆ ಕುಟುಂಬದ ಅನೇಕ ಗುಂಪುಗಳು ಬೇರೆಡೆಗೆ ಹೋಗಿವೆ.

ಕತ್ತಿನ ಭಾಗ ಎಲೆಯಂತೆ ಅಗಲವಾಗಿರುವ ಗೊಂಗಿಲಸ್ ಗೊಂಗಿಲೋಡಿಸ್ ಅನ್ನು ಎಂಪುಸಿಡೇ ಕುಟುಂಬದಲ್ಲಿ ಸುಲಭವಾಗಿ ಇರಿಸಬಹುದು. ತೊಡಕಾಗಿರುವುದು ಮರದ ತೊಗಟೆಗೆ ಅಂಟಿಕೊಂಡಂತಿರುವ, ಚಪ್ಪಟೆ ದೇಹದ ಬೂದು ಕೀಟ. ಅದು ಹಂಬರ್ಟಿಯೆಲ್ಲಾ ಕುಲದ್ದಾಗಿದ್ದರೆ ಹೊಸ ಪದ್ಧತಿಯಂತೆ ಗೊನಿಪೆಟಿಡೇ ಕುಟುಂಬಕ್ಕೆ ಸೇರಬೇಕು.

ಕೀಟವನ್ನು ಕೊಲ್ಲದೆ, ಮುಂಗಾಲಿನ ಮುಳ್ಳುಗಳು ಮತ್ತು ರೆಕ್ಕೆಗಳ ಸ್ಪಷ್ಟ ಛಾಯಾಚಿತ್ರಗಳಿಂದಲೇ ಕುಲವನ್ನು ಖಚಿತಪಡಿಸಲು ಸಾಧ್ಯವೇ? ರೆಕ್ಕೆ ಮೂಡದ ಮರಿಗಳನ್ನು ವರ್ಗೀಕರಣದ ಯಾವ ಹಂತದವರೆಗೆ (ಕುಟುಂಬ, ಕುಲ ಅಥವಾ ಪ್ರಭೇದ) ಹೆಸರಿಸುವುದು ಸೂಕ್ತ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಚಿತ್ರಗಳನ್ನು ಕೇಳಿದವರಿಗೆ ಕಳುಹಿಸುತ್ತೇನೆ.